‘ಒಪ್ಪಿಕೊಂಡರೆ ಇವತ್ತೇ ಮನೆಗೆ’: ಅಮೆರಿಕದ ಜೈಲಿನಲ್ಲಿರುವ ಹುಡುಗನ ಮನೆಯವರಿಗೆ

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ. ಅಂಗಡಿಯೊಂದರಿಂದ ಬೆಲೆಬಾಳುವ ಸಾಮಾನನ್ನು ಹಣ ಕೊಡದೆ ತಂದನೆಂಬ ಆರೋಪದ ಮೇಲೆ ಒಂಬತ್ತು ದಿನಗಳಿಂದ ಜೈಲಿನಲ್ಲಿದ್ದಾನೆ. ಜಾಮೀನಿಗೆ 10,000 ಡಾಲರ್ ಎಂದಿದ್ದಾರೆ. ಬಾಂಡ್ ಕಂಪನಿಯೊಂದು 1,000 ಡಾಲರ್ ಕೊಟ್ಟರೆ ಬಿಡಿಸುತ್ತೇವೆ, ಆದರೆ ಆ ಹಣ ವಾಪಸ್ ಬರುವುದಿಲ್ಲ ಎನ್ನುತ್ತಿದೆ. ಸರ್ಕಾರವೇ ಕೊಟ್ಟ ವಕೀಲರು, ‘ತಪ್ಪೊಪ್ಪಿಕೊಂಡರೆ ಒಂದು ವರ್ಷದ ಶಿಕ್ಷೆ, ಆದರೆ ಅದನ್ನು ತಡೆಹಿಡಿಯುತ್ತಾರೆ. ಎರಡು ವರ್ಷ ಪ್ರೊಬೇಷನ್. ಅಂದೇ ಹೊರಗೆ ಬರಬಹುದು’ ಎಂದಿದ್ದಾರಂತೆ. ಶಿಕ್ಷೆಯೇ ಆಗದೆ ಜೈಲಿಗೆ ಹೇಗೆ ಹಾಕಿದರು? ವಿಚಾರಣೆಯೇ ನಡೆಯದೆ ಒಪ್ಪಿಕೊಳ್ಳುವುದು ಎಂದರೇನು? ಪ್ರೊಬೇಷನ್ ಎಂದರೆ ನಮ್ಮ ಪೆರೋಲ್ ಇದ್ದಂತೆಯೇ? ಅವನು ಅಳುತ್ತಾ ಒಪ್ಪಿಕೊಂಡುಬಿಡುತ್ತೇನೆ ಎನ್ನುತ್ತಿದ್ದಾನೆ. ಅಕ್ಕನಿಗೆ ಏನು ಹೇಳಲಿ?
– ಒಬ್ಬ ಸೋದರಮಾವ, ದಾವಣಗೆರೆ

ಉತ್ತರ: ಮಾನ್ಯರೇ, ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಗಡುವಿದೆ. ಹುಡುಗ ಸದ್ಯಕ್ಕೆ ಯಾವುದನ್ನೂ ಒಪ್ಪಿಕೊಳ್ಳುವುದು ಬೇಡ, ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ. ‘ಒಂದು ವರ್ಷದ ಶಿಕ್ಷೆ, ಆದರೆ ತಡೆಹಿಡಿಯುತ್ತಾರೆ’ ಎಂಬ ಸಾಲು ನಿಮಗೆ ಸಮಾಧಾನ ತಂದಿರಬಹುದು. ನನಗೆ ಎದೆ ಧಸಕ್ಕೆಂದದ್ದು ಅದೇ ಸಾಲಿನಲ್ಲಿ. ವಲಸೆ ಕಾನೂನು ಚೆನ್ನಾಗಿ ಬಲ್ಲ ವಕೀಲರೊಬ್ಬರು ಅದನ್ನು ಓದಿ, ಅವನ ಈಗಿನ ವಕೀಲರೊಡನೆ ಮಾತನಾಡಬೇಕು. ಅಲ್ಲಿಯವರೆಗೆ ನ್ಯಾಯಾಲಯದಲ್ಲಿ ಕಾಲಾವಕಾಶ ಕೇಳಲಿ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಇಷ್ಟನ್ನು ಇವತ್ತೇ ಅವನಿಗೆ ತಲುಪಿಸಿ, ಆಮೇಲೆ ಉಳಿದದ್ದನ್ನು ಓದಿ.

ನಾನು ಎರಡು ದಶಕ ಅಲ್ಲಿನ ನ್ಯಾಯಾಲಯಗಳಲ್ಲಿ ಆರೋಪಿಗಳ ಪರವಾಗಿ ನಿಂತವನು. ಭಾರತದಿಂದ ಫೋನ್ ಮಾಡುವ ತಂದೆತಾಯಂದಿರೆಲ್ಲ ಹೆಚ್ಚುಕಡಿಮೆ ನೀವು ಕೇಳಿದ್ದನ್ನೇ ಕೇಳುತ್ತಿದ್ದರು. ಅವರ ಗೊಂದಲಕ್ಕೆ ಕಾರಣ ಅಜ್ಞಾನವಲ್ಲ. ಜೈಲು, ಬೇಲ್, ಪೆರೋಲ್ ಎಂಬ ಪದಗಳು ಎರಡೂ ದೇಶಗಳಲ್ಲಿವೆ, ಅರ್ಥ ಮಾತ್ರ ಬೇರೆ. ಗೊತ್ತಿಲ್ಲದ ಪದವಾದರೆ ಯಾರನ್ನಾದರೂ ಕೇಳುತ್ತೇವೆ. ಗೊತ್ತಿದೆ ಎಂದುಕೊಂಡ ಪದದಲ್ಲಿಯೇ ಮೋಸಹೋಗುತ್ತೇವೆ.

ಜೈಲನ್ನೇ ತೆಗೆದುಕೊಳ್ಳಿ. ಪರಪ್ಪನ ಅಗ್ರಹಾರದಲ್ಲಿ ವಿಚಾರಣಾಧೀನ ಕೈದಿಗಳೂ ಇದ್ದಾರೆ, ಸಜಾ ಕೈದಿಗಳೂ ಇದ್ದಾರೆ. ಎರಡಕ್ಕೂ ನಾವು ಜೈಲು ಎಂದೇ ಹೇಳುತ್ತೇವೆ. ಅಮೆರಿಕದಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ. ಜೈಲ್ ಎಂಬುದು ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕಕ್ಕೆ ಸೇರಿದ್ದು. ಅದನ್ನು ನಡೆಸುವವನು ಹೆಚ್ಚಿನ ಕಡೆ ಜನರೇ ಮತಹಾಕಿ ಆರಿಸಿದ ಶೆರಿಫ್. ಬಂಧಿತರನ್ನು ಮೊದಲು ಕರೆತರುವುದು ಅಲ್ಲಿಗೆ. ಜಾಮೀನು ಸಿಗದವರು, ವಿಚಾರಣೆಗೆ ಕಾಯುತ್ತಿರುವವರು, ಒಂದು ವರ್ಷದೊಳಗಿನ ಸಣ್ಣ ಶಿಕ್ಷೆಯವರು ಅಲ್ಲಿರುತ್ತಾರೆ. ಪ್ರಿಸನ್ ಎಂಬುದು ರಾಜ್ಯಕ್ಕೆ ಅಥವಾ ಕೇಂದ್ರಕ್ಕೆ ಸೇರಿದ್ದು. ಅಪರಾಧ ಸಾಬೀತಾಗಿ ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದವರ ಜಾಗ ಅದು. ಅಲಾಸ್ಕ, ಕನೆಕ್ಟಿಕಟ್, ಡೆಲವೇರ್, ಹವಾಯಿ, ರೋಡ್ ಐಲೆಂಡ್, ವರ್ಮಾಂಟ್ ಈ ಆರು ರಾಜ್ಯಗಳಲ್ಲಿ ಎರಡನ್ನೂ ರಾಜ್ಯ ಸರ್ಕಾರವೇ ನಡೆಸುತ್ತದೆ.

ಪ್ರಿಸನ್‌ಗಳಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಕೌಂಟಿ ಜೈಲುಗಳಲ್ಲಿ ಯಾವುದೇ ಒಂದು ದಿನ ಲೆಕ್ಕ ಹಾಕಿದರೂ ಆರು ಲಕ್ಷ ದಾಟುತ್ತದೆ, ಅವರಲ್ಲಿ ಮೂರನೇ ಎರಡರಷ್ಟು ಮಂದಿಯ ಅಪರಾಧ ಸಾಬೀತಾಗಿಲ್ಲ. ನಿಮ್ಮ ಅಳಿಯ ಈಗ ಅವರಲ್ಲೊಬ್ಬ. ಅವನಿಗೆ ಶಿಕ್ಷೆ ಆಗಿಲ್ಲ. ಕಾನೂನಿನ ಕಣ್ಣಿನಲ್ಲಿ ಅವನು ಈ ಕ್ಷಣಕ್ಕೂ ನಿರ್ದೋಷಿ. ಅಕ್ಕನಿಗೆ ಇದನ್ನು ಸ್ಪಷ್ಟವಾಗಿ ಹೇಳಿ. ಇನ್ನೊಂದು ವಿಷಯಕ್ಕೂ ಅವರನ್ನು ಸಿದ್ಧಪಡಿಸಿ: ಹಲವು ಕೌಂಟಿಗಳಲ್ಲಿ ಬಂಧಿತರ ಭಾವಚಿತ್ರ, ಹೆಸರು, ಆರೋಪ ಎಲ್ಲವೂ ಜೈಲಿನ ಜಾಲತಾಣದಲ್ಲಿ ಯಾರಿಗೂ ಸಿಗುವಂತಿರುತ್ತವೆ. ಊರಿನವರು ಯಾರಾದರೂ ಆ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದರೆ ಅದು ತೀರ್ಪು ಎಂದು ತಾಯಿ ಭಾವಿಸಬಾರದು.

ಅಮೆರಿಕದ ನ್ಯಾಯವ್ಯವಸ್ಥೆ ಎಂದು ಒಂದೇ ಒಂದು ಇಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ನಮ್ಮಲ್ಲಿ ಕಾರವಾರದಿಂದ ಕೋಲ್ಕತ್ತದವರೆಗೆ ಅಪರಾಧಕ್ಕೆ ಮುಖ್ಯವಾಗಿ ಒಂದೇ ಸಂಹಿತೆ. ಅಲ್ಲಿ ಐವತ್ತು ರಾಜ್ಯಗಳಿಗೆ ಐವತ್ತು ಅಪರಾಧ ಸಂಹಿತೆಗಳು, ಅವುಗಳ ಮೇಲೆ ಕೇಂದ್ರದ್ದು ಪ್ರತ್ಯೇಕ. ಕಳ್ಳತನ, ಹೊಡೆದಾಟ, ಕುಡಿದು ಕಾರು ಓಡಿಸುವುದು ಇವೆಲ್ಲ ಸಾಮಾನ್ಯವಾಗಿ ರಾಜ್ಯದ ಪ್ರಕರಣಗಳು. ಅಪರಾಧಗಳಲ್ಲಿ ಸ್ಥೂಲವಾಗಿ ಎರಡು ದರ್ಜೆ. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆ ಸಾಧ್ಯವಿರುವ ಗಂಭೀರ ಅಪರಾಧ ಫೆಲನಿ, ಅದಕ್ಕಿಂತ ಕೆಳಗಿನದು ಮಿಸ್‌ಡಿಮೀನರ್. ಗೆರೆ ಎಳೆಯುವ ಜಾಗ ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಟೆಕ್ಸಸ್‌ನಲ್ಲಿ ಕದ್ದ ವಸ್ತುವಿನ ಬೆಲೆ 2,500 ಡಾಲರ್ ಮುಟ್ಟಿದರೆ ಫೆಲನಿ. ನ್ಯೂಜೆರ್ಸಿಯಲ್ಲಿ 200 ಡಾಲರ್‌ಗೇ ಗಂಭೀರ ದರ್ಜೆಗೆ ಏರುತ್ತದೆ. ಆದ್ದರಿಂದ ಇನ್ನೊಂದು ರಾಜ್ಯದಲ್ಲಿರುವ ನೆಂಟರ ಮಗನಿಗೆ ಏನಾಯಿತು ಎಂಬುದನ್ನು ನಿಮ್ಮ ಹುಡುಗನಿಗೆ ಅನ್ವಯಿಸಬೇಡಿ. ಅವನ ಆರೋಪ ಪತ್ರದಲ್ಲಿರುವ ಕಲಮಿನ ಸಂಖ್ಯೆಯೇ ನಿಮಗೆ ಆಧಾರ.

ಜಾಮೀನಿನ ವಿಷಯ. ನಮ್ಮಲ್ಲಿ ಜಾಮೀನುದಾರ ಪಹಣಿಯನ್ನೋ ತೆರಿಗೆ ರಸೀದಿಯನ್ನೋ ನ್ಯಾಯಾಲಯಕ್ಕೆ ಕೊಟ್ಟು ಮುಚ್ಚಳಿಕೆ ಬರೆಯುತ್ತಾನೆ. ಆರೋಪಿ ತಪ್ಪಿಸಿಕೊಂಡರೆ ಮಾತ್ರ ಹಣ ಕಟ್ಟಬೇಕು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಹಣ ಮೊದಲೇ ಬೇಕು. ಅಷ್ಟು ಹಣ ಇಲ್ಲದವರಿಗಾಗಿ ಅಲ್ಲೊಂದು ವ್ಯಾಪಾರವೇ ಬೆಳೆದಿದೆ. ಬಾಂಡ್ ಕಂಪನಿ ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಶುಲ್ಕ ಪಡೆದು, ಉಳಿದದ್ದಕ್ಕೆ ನ್ಯಾಯಾಲಯಕ್ಕೆ ತಾನು ಹೊಣೆ ಎನ್ನುತ್ತದೆ. ಆ ಹತ್ತು ಭಾಗ ಕಂಪನಿಯ ಸಂಪಾದನೆ. ಹುಡುಗ ನಿರ್ದೋಷಿ ಎಂದು ತೀರ್ಪು ಬಂದರೂ ಹಿಂದಿರುಗುವುದಿಲ್ಲ. ಇದಕ್ಕೆ ಬದಲು ಕುಟುಂಬವೇ ಪೂರ್ತಿ 10,000 ಡಾಲರ್ ಹೊಂದಿಸಿ ನೇರವಾಗಿ ನ್ಯಾಯಾಲಯಕ್ಕೆ ಕಟ್ಟಿದರೆ, ಅವನು ಪ್ರತಿ ದಿನಾಂಕಕ್ಕೂ ಹಾಜರಾದ ಪಕ್ಷದಲ್ಲಿ, ಪ್ರಕರಣ ಮುಗಿದ ಮೇಲೆ ಒಂದಿಷ್ಟು ಶುಲ್ಕ ಕಳೆದು ಹಣ ಮರಳುತ್ತದೆ. ಕೆಂಟಕಿಯಂಥ ಕೆಲವು ರಾಜ್ಯಗಳು ಈ ವ್ಯಾಪಾರವನ್ನೇ ನಿಷೇಧಿಸಿವೆ. ನ್ಯೂಜೆರ್ಸಿ 2017ರಿಂದ ಹಣದ ಜಾಮೀನನ್ನು ಬಹುತೇಕ ಕೈಬಿಟ್ಟಿದೆ. ಇಲಿನಾಯ್ 2023ರ ಸೆಪ್ಟೆಂಬರ್‌ನಲ್ಲಿ ಪೂರ್ತಿಯಾಗಿ ತೆಗೆದುಹಾಕಿತು. 10,000 ಡಾಲರ್ ಹೆಚ್ಚಾಯಿತು ಎಂದು ವಕೀಲರು ನ್ಯಾಯಾಧೀಶರ ಮುಂದೆ ಅರ್ಜಿ ಹಾಕಬಹುದು, ಹಾಕಲೇಬೇಕು. ಓದುವ ಹುಡುಗ, ಹಿಂದೆ ಪ್ರಕರಣಗಳಿಲ್ಲ, ವಿಶ್ವವಿದ್ಯಾಲಯದ ವಿಳಾಸವಿದೆ ಎಂಬ ಮಾತುಗಳಿಗೆ ಬೆಲೆ ಇದೆ.

ಆದರೆ ಒಂದು ರೂಪಾಯಿ ಕಟ್ಟುವ ಮೊದಲೂ ಕೇಳಬೇಕಾದ ಪ್ರಶ್ನೆಯೊಂದಿದೆ: ವಲಸೆ ಇಲಾಖೆ ಅವನ ಮೇಲೆ ತಡೆ ಕೋರಿಕೆ, ಅಂದರೆ ಬಿಡುವಾಗ ಅವನನ್ನು ತನಗೆ ಒಪ್ಪಿಸಿ ಎಂದು ಜೈಲಿಗೆ ಬರೆಯುವ ಕೋರಿಕೆ, ಹಾಕಿದೆಯೇ? ಹಾಕಿದ್ದರೆ ಜಾಮೀನು ಕಟ್ಟಿದ ಕೂಡಲೇ ಅವನು ಮನೆಗೆ ಹೋಗದೆ ವಲಸೆ ಬಂಧನಕ್ಕೆ ಹೋಗಬಹುದು. ಜೈಲಿನ ಕಚೇರಿಯನ್ನು ವಕೀಲರು ವಿಚಾರಿಸಿದರೆ ತಿಳಿಯುತ್ತದೆ.

ಜಾಮೀನಿನ ಹಣಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಒಳಗಿರುವವನು ಒಪ್ಪಿಕೊಳ್ಳುವುದು ಬೇಗ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 2010ರಲ್ಲಿ ಕಲೀಫ್ ಬ್ರೌಡರ್ ಎಂಬ ಹದಿನಾರರ ಹುಡುಗನನ್ನು ಬೆನ್ನಚೀಲ ಕದ್ದ ಆರೋಪದ ಮೇಲೆ ಹಿಡಿದರು. ಜಾಮೀನು 3,000 ಡಾಲರ್. ಮನೆಯವರಿಂದ ಹೊಂದಿಸಲಾಗಲಿಲ್ಲ. ಹಿಂದಿನ ಪ್ರಕರಣವೊಂದರಲ್ಲಿ ಅವನು ಪ್ರೊಬೇಷನ್ ಮೇಲಿದ್ದನೆಂದು ಮುಂದೆ ಜಾಮೀನಿನ ಬಾಗಿಲೂ ಮುಚ್ಚಿತು. ರೈಕರ್ಸ್ ದ್ವೀಪದ ಜೈಲಿನಲ್ಲಿ ಮೂರು ವರ್ಷ ಕಳೆದ, ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆಯಲ್ಲಿ. ತಪ್ಪೊಪ್ಪಿಕೊಂಡರೆ ಕೂಡಲೇ ಮನೆಗೆ ಎಂಬ ಮಾತು ಅವನ ಮುಂದೆಯೂ ಬಂತು. ಮಾಡದ್ದನ್ನು ಮಾಡಿದೆ ಎನ್ನುವುದಿಲ್ಲ ಎಂದು ನಿಂತ. 2013ರಲ್ಲಿ ವಿಚಾರಣೆಯೇ ನಡೆಯದೆ ಪ್ರಕರಣ ಬಿದ್ದುಹೋಯಿತು. ಎರಡು ವರ್ಷದ ನಂತರ ಅವನು ಪ್ರಾಣ ಕಳೆದುಕೊಂಡ. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹೊರಗಿನಿಂದ ಹೋರಾಡುವುದು ಬೇರೆ, ಒಳಗಿನಿಂದ ಹೋರಾಡುವುದು ಬೇರೆ ಎಂಬುದು ನಿಮಗೆ ಮನದಟ್ಟಾಗಬೇಕು.

‘ಸರ್ಕಾರ ಕೊಟ್ಟ ವಕೀಲರು’ ಎಂದು ನೀವು ಬರೆದ ಧಾಟಿಯಲ್ಲಿ ಅಪನಂಬಿಕೆ ಕಂಡಿತು. ದಯವಿಟ್ಟು ಅದನ್ನು ಬಿಡಿ. ಆ ವಕೀಲರ ಹಿಂದೆ ಒಬ್ಬ ಬಡವನ ಪೆನ್ಸಿಲ್ ಇದೆ. ಫ್ಲಾರಿಡಾದ ಪನಾಮ ಸಿಟಿಯಲ್ಲಿ 1961ರಲ್ಲಿ ಪೂಲ್ ಆಟದ ಕೋಣೆಯೊಂದಕ್ಕೆ ನುಗ್ಗಿ ಚಿಲ್ಲರೆ ಹಣ ಕದ್ದನೆಂದು ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬವನ ಮೇಲೆ ಆರೋಪ ಬಂತು. ನನಗೆ ವಕೀಲರು ಬೇಕು ಎಂದು ಕೇಳಿದ. ಮರಣದಂಡನೆಯ ಪ್ರಕರಣಕ್ಕೆ ಮಾತ್ರ ಕೊಡುತ್ತೇವೆ ಎಂದರು. ತನ್ನ ಪರವಾಗಿ ತಾನೇ ವಾದಿಸಿ ಸೋತು, ಐದು ವರ್ಷದ ಶಿಕ್ಷೆ ಹೊತ್ತು ಒಳಗೆ ಹೋದ. ಅಲ್ಲಿಂದ, ಸೆರೆಮನೆಯ ಗೆರೆ ಹಾಕಿದ ಕಾಗದದ ಮೇಲೆ, ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತದಿಂದ ಅವನ ಪರ ನಿಂತು, ಗಂಭೀರ ಆರೋಪ ಹೊತ್ತ ಬಡವನಿಗೆ ವಕೀಲರನ್ನು ಸರ್ಕಾರವೇ ಒದಗಿಸಬೇಕು ಎಂದರು. ಮರುವಿಚಾರಣೆಯಲ್ಲಿ ಅವನ ಪಕ್ಕದಲ್ಲಿ ವಕೀಲರೊಬ್ಬರು ಕುಳಿತಿದ್ದರು. ಮುಖ್ಯ ಸಾಕ್ಷಿಯ ಹೇಳಿಕೆಯನ್ನು ಅವರು ಎಳೆ ಎಳೆಯಾಗಿ ಬಿಡಿಸಿಟ್ಟರು. ಜ್ಯೂರಿ, ಅಂದರೆ ದೋಷಿಯೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ, ಸುಮಾರು ಒಂದು ಗಂಟೆಯಲ್ಲಿ ಗಿಡಿಯನ್ ನಿರ್ದೋಷಿ ಎಂದಿತು. ಪ್ರಕರಣ ಅದೇ, ನ್ಯಾಯಾಲಯ ಅದೇ. ಬದಲಾದದ್ದು ಪಕ್ಕದ ಕುರ್ಚಿಯಲ್ಲಿ ಕುಳಿತವರು.

ಸರ್ಕಾರ ಒದಗಿಸುವ ವಕೀಲರಲ್ಲಿ ಬಹಳ ಮಂದಿ ನುರಿತವರು. ಆ ನ್ಯಾಯಾಲಯದ ಕಂಬಕಂಬವನ್ನೂ ಬಲ್ಲವರು. ಅವರ ಕಷ್ಟವೆಂದರೆ ಕೈಯಲ್ಲಿರುವ ಕಡತಗಳ ರಾಶಿ. ಒಬ್ಬರೇ ನೂರಾರು ಪ್ರಕರಣ ನೋಡುತ್ತಿರುತ್ತಾರೆ. ನಿಮ್ಮ ಹುಡುಗನ ವೀಸಾ ಯಾವುದು, ಅಮೆರಿಕಕ್ಕೆ ಬಂದ ದಿನಾಂಕ ಯಾವುದು ಎಂದು ಕೇಳಲು ಅವರಿಗೆ ಪುರಸೊತ್ತಾಗಿರಲಿಕ್ಕಿಲ್ಲ. ನೀವೇ ಅದನ್ನು ಒಂದು ಹಾಳೆಯಲ್ಲಿ ಬರೆದು ಕಳುಹಿಸಿ.

ಈಗ ‘ವಿಚಾರಣೆಯೇ ಇಲ್ಲದೆ ಒಪ್ಪಿಕೊಳ್ಳುವುದು’. ಇದು ನಿಮ್ಮ ಪ್ರಶ್ನೆಗಳ ನಡುಗಂಬ. ಅಮೆರಿಕದ ನ್ಯಾಯಾಲಯ ಎಂದರೆ ಹನ್ನೆರಡು ಜನರ ಜ್ಯೂರಿ, ಎದ್ದು ನಿಂತು ವಾದಿಸುವ ವಕೀಲರು ಎಂದು ನಾವು ಕಲ್ಪಿಸಿಕೊಂಡಿದ್ದೇವೆ. ಜ್ಯೂರಿಯ ವಿಚಾರಣೆ ಸಂವಿಧಾನದಲ್ಲಿ ಇದೆ, ಜ್ಯೂರಿಯಲ್ಲಿರುವವರೆಲ್ಲ ಒಮ್ಮತಕ್ಕೆ ಬಂದರೆ ಮಾತ್ರ ಗಂಭೀರ ಅಪರಾಧದಲ್ಲಿ ದೋಷಿ ಎನ್ನಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿದೆ. ಆದರೆ ದೋಷಿಗಳೆಂದು ತೀರ್ಮಾನವಾದವರಲ್ಲಿ ಕೇಂದ್ರದ ನ್ಯಾಯಾಲಯಗಳಲ್ಲಿ ನೂರಕ್ಕೆ 97, ರಾಜ್ಯಗಳಲ್ಲಿ 94ರಷ್ಟು ಮಂದಿ ಜ್ಯೂರಿಯ ಮುಖವನ್ನೇ ನೋಡಿದವರಲ್ಲ ಎಂಬ ಲೆಕ್ಕವನ್ನು ಸುಪ್ರೀಂ ಕೋರ್ಟೇ 2012ರ ತೀರ್ಪಿನಲ್ಲಿ ಉಲ್ಲೇಖಿಸಿತು. ಅವರೆಲ್ಲ ತಪ್ಪೊಪ್ಪಿಕೊಂಡವರು. ಪ್ರಾಸಿಕ್ಯೂಟರ್ (ಸರ್ಕಾರದ ಪರ ಆರೋಪ ಹೊರಿಸುವ ವಕೀಲರು) ಮತ್ತು ಆರೋಪಿಯ ವಕೀಲರು ನ್ಯಾಯಾಲಯದ ಪಡಸಾಲೆಯಲ್ಲಿಯೋ ಫೋನಿನಲ್ಲಿಯೋ ಮಾತನಾಡಿ, ‘ಇಷ್ಟು ಒಪ್ಪಿಕೊಂಡರೆ ಇಷ್ಟಕ್ಕೆ ಬಿಡುತ್ತೇವೆ’ ಎಂದು ಕುದುರಿಸುತ್ತಾರೆ. ಇದಕ್ಕೆ ಪ್ಲೀ ಬಾರ್ಗೇನಿಂಗ್ ಎನ್ನುತ್ತಾರೆ. ನಮ್ಮ ದೇಶದಲ್ಲೂ 2006ರಿಂದ ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಇದು ಕಾನೂನಿನಲ್ಲಿದೆ, ಬಳಕೆ ಮಾತ್ರ ತೀರ ಕಡಿಮೆ. ಅಲ್ಲಿ ಇದೇ ಹೆದ್ದಾರಿ.

ಪ್ರಾಸಿಕ್ಯೂಟರ್ ಕೈಯಲ್ಲಿ ಎಂಥ ಬಲವಿದೆ ಎಂಬುದಕ್ಕೆ ಒಂದು ಪ್ರಕರಣ ಸಾಕು. ಕೆಂಟಕಿಯ ಪಾಲ್ ಹೇಯ್ಸ್ 88 ಡಾಲರ್ 30 ಸೆಂಟಿನ ಖೋಟಾ ಚೆಕ್ ಕೊಟ್ಟ ಆರೋಪಿ. ಆ ಅಪರಾಧಕ್ಕೆ ಎರಡರಿಂದ ಹತ್ತು ವರ್ಷ. ‘ಒಪ್ಪಿಕೊ, ಐದು ವರ್ಷ ಕೇಳುತ್ತೇನೆ. ಒಪ್ಪದಿದ್ದರೆ ನಿನ್ನ ಹಳೆಯ ಎರಡು ಶಿಕ್ಷೆಗಳನ್ನು ತೋರಿಸಿ ರೂಢಿಗತ ಅಪರಾಧಿ ಎಂಬ ಆರೋಪ ಹೊರಿಸುತ್ತೇನೆ, ಆಗ ಜೀವಾವಧಿ’ ಎಂದರು ಪ್ರಾಸಿಕ್ಯೂಟರ್. ಹೇಯ್ಸ್ ಒಪ್ಪಲಿಲ್ಲ. ವಿಚಾರಣೆಯಲ್ಲಿ ಸೋತ. ಜೀವಾವಧಿಯೇ ಆಯಿತು. ಹಾಗೆ ಬೆದರಿಸಿದ್ದು ಸಂವಿಧಾನಬಾಹಿರವಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಹೇಳಿತು. ಆ ತೀರ್ಪು ತಪ್ಪು ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ. ತನ್ನ ಹಕ್ಕನ್ನು ಬಳಸಿದ್ದಕ್ಕೆ ಬೆಲೆ ಕಟ್ಟುವುದಾದರೆ ಅದು ಹಕ್ಕು ಹೇಗಾದೀತು? ಆದರೆ ಕಾನೂನು ಇಂದಿಗೂ ಅದೇ. ಬಹುತೇಕ ರಾಜ್ಯಗಳಲ್ಲಿ ಮುಖ್ಯ ಪ್ರಾಸಿಕ್ಯೂಟರ್ ಕೂಡ ಚುನಾವಣೆಯಲ್ಲಿ ಗೆದ್ದು ಬಂದವರು. ಯಾವ ಆರೋಪ ಹೊರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಅವರ ವಿವೇಚನೆಗೆ ಬಿಟ್ಟದ್ದು.

ಒಪ್ಪಿಕೊಳ್ಳುವ ಗಳಿಗೆ ಹೇಗಿರುತ್ತದೆ ಎಂದು ಹೇಳುತ್ತೇನೆ. ಜೈಲಿನ ಬಟ್ಟೆ, ಮುಂಗೈಗೆ ಪ್ಲಾಸ್ಟಿಕ್ ಪಟ್ಟಿ, ಕೆಲವು ಕಡೆ ಸೊಂಟಕ್ಕೆ ಸರಪಳಿ. ನ್ಯಾಯಾಧೀಶರು ಮುಂದಿರುವ ಹಾಳೆಯನ್ನು ನೋಡುತ್ತಾ ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಾರೆ. ಯಾರಾದರೂ ಹೆದರಿಸಿ ಒಪ್ಪಿಸಿದ್ದಾರೆಯೇ? ಇಲ್ಲ. ಮದ್ಯ ಅಥವಾ ಔಷಧಿಯ ಮಂಪರಿನಲ್ಲಿದ್ದೀರಾ? ಇಲ್ಲ. ಜ್ಯೂರಿಯ ಮುಂದೆ ವಿಚಾರಣೆ ಪಡೆಯುವ ಹಕ್ಕನ್ನು, ಸಾಕ್ಷಿಗಳನ್ನು ಪಾಟೀ ಸವಾಲು ಮಾಡುವ ಹಕ್ಕನ್ನು, ಮೌನವಾಗಿರುವ ಹಕ್ಕನ್ನು ಬಿಟ್ಟುಕೊಡುತ್ತಿದ್ದೀರಿ, ಗೊತ್ತೇ? ಗೊತ್ತು. ವಕೀಲರ ಬಗ್ಗೆ ತೃಪ್ತಿ ಇದೆಯೇ? ಇದೆ. ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಹಿಂದಿನ ಸಾಲಿನಲ್ಲಿ ಮುಂದಿನವನು ಆಗಲೇ ಎದ್ದು ನಿಂತಿರುತ್ತಾನೆ. ಒಂಬತ್ತು ದಿನ ನಿದ್ದೆಗೆಟ್ಟ ಹುಡುಗ ಪ್ರತಿ ಪ್ರಶ್ನೆಗೂ ಬಾಗಿಲಿನ ಕಡೆ ನೋಡುತ್ತಲೇ ಉತ್ತರಿಸುತ್ತಾನೆ. ನಾನು ಎಷ್ಟೋ ಜನರ ಪಕ್ಕದಲ್ಲಿ ಆ ನಿಮಿಷಗಳಲ್ಲಿ ನಿಂತಿದ್ದೇನೆ. ‘ಹೆದರಿಸಿದ್ದಾರೆಯೇ’ ಎಂಬುದಕ್ಕೆ ಇಲ್ಲ ಎನ್ನುವಾಗ ಅವರ ದನಿ ಕೆಳಗಿಳಿಯುವುದನ್ನು ಕೇಳಿದ್ದೇನೆ.

ಇನ್ನು ಪ್ರೊಬೇಷನ್. ಇಲ್ಲಿ ನಿಮ್ಮ ಊಹೆಯನ್ನು ತಿದ್ದಬೇಕು. ನಮ್ಮ ಪತ್ರಿಕೆಗಳಲ್ಲಿ ‘ಪೆರೋಲ್ ಮೇಲೆ ಹೊರಬಂದ’ ಎಂದರೆ ತಂದೆಯ ಅಂತ್ಯಕ್ರಿಯೆಗೋ ಮಗಳ ಮದುವೆಗೋ ಕೆಲವು ದಿನದ ರಜೆ, ಮುಗಿದ ಮೇಲೆ ಮತ್ತೆ ಒಳಗೆ. ಅಮೆರಿಕದ ಪೆರೋಲ್ ರಜೆಯಲ್ಲ. ಶಿಕ್ಷೆಯ ಒಂದು ಭಾಗವನ್ನು ಪ್ರಿಸನ್‌ನಲ್ಲಿ ಕಳೆದವನನ್ನು ಮಂಡಳಿಯೊಂದು ಪರಿಶೀಲಿಸಿ, ಉಳಿದ ಭಾಗವನ್ನು ಅಧಿಕಾರಿಯ ಕಣ್ಗಾವಲಿನಲ್ಲಿ ಹೊರಗೆ ಕಳೆ ಎಂದು ಬಿಡುವುದು ಅದು. ನಿಯಮ ಪಾಲಿಸಿದರೆ ಮರಳಿ ಹೋಗಬೇಕಾಗಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಸನ್ನಡತೆಯ ಆಧಾರದ ಬಿಡುಗಡೆ. ಕೇಂದ್ರದ ವ್ಯವಸ್ಥೆಯಲ್ಲಿ 1987ರ ನವೆಂಬರ್ 1ರ ನಂತರದ ಅಪರಾಧಗಳಿಗೆ ಪೆರೋಲ್ ಇಲ್ಲ. ಹಲವು ರಾಜ್ಯಗಳೂ ಅದನ್ನು ಕೈಬಿಟ್ಟಿವೆ. ಪ್ರೊಬೇಷನ್ ಬೇರೆಯೇ. ಅದು ಒಳಗೆ ಕಳುಹಿಸುವ ಬದಲಿಗೆ ಕೊಡುವುದು. ನಮ್ಮ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, ಪರಿವೀಕ್ಷಣಾಧಿಕಾರಿ ಎಂಬ ಹುದ್ದೆ ಅದರದೇ ಕುಲದವು.

ಅದರ ಹುಟ್ಟಿನ ಕಥೆ ನನಗೆ ಬಹಳ ಪ್ರಿಯವಾದದ್ದು. 1841ರಲ್ಲಿ ಬೋಸ್ಟನ್ನಿನಲ್ಲಿ ಜಾನ್ ಆಗಸ್ಟಸ್ ಎಂಬ ಚಮ್ಮಾರ ಒಂದು ಬೆಳಗ್ಗೆ ಪೊಲೀಸ್ ನ್ಯಾಯಾಲಯದಲ್ಲಿ ಕುಳಿತಿದ್ದಾಗ ಹರಕು ಬಟ್ಟೆಯ ಕುಡುಕನೊಬ್ಬನನ್ನು ತಂದು ನಿಲ್ಲಿಸಿದರು. ಜೈಲಿಗೆ ಕಳುಹಿಸದಿದ್ದರೆ ಮತ್ತೆ ಕುಡಿಯುವುದಿಲ್ಲ ಎಂದು ಅವನು ಗೋಗರೆದ. ಆಗಸ್ಟಸ್ ಎದ್ದು ನಿಂತು, ಇವನಿಗೆ ನಾನು ಜಾಮೀನು ಎಂದರು. ಮೂರು ವಾರ ಬಿಟ್ಟು ಇಬ್ಬರೂ ನ್ಯಾಯಾಲಯಕ್ಕೆ ಬಂದಾಗ ಅವನ ಗುರುತೇ ಯಾರಿಗೂ ಸಿಗಲಿಲ್ಲ. ನ್ಯಾಯಾಧೀಶರು ಒಂದು ಸೆಂಟ್ ದಂಡ ಮತ್ತು ಖರ್ಚು ಹಾಕಿ ಬಿಟ್ಟರು. 1859ರಲ್ಲಿ ಸಾಯುವ ವೇಳೆಗೆ ಆಗಸ್ಟಸ್ ಹೀಗೆ ಸುಮಾರು ಎರಡು ಸಾವಿರ ಜನರಿಗೆ ಹೊಣೆ ನಿಂತಿದ್ದರು. ಮೆಸಾಚುಸೆಟ್ಸ್ ರಾಜ್ಯ 1878ರಲ್ಲಿ ಇದನ್ನೇ ಕಾನೂನು ಮಾಡಿತು.

ಇಂದು ಸುಮಾರು ಮೂವತ್ತು ಲಕ್ಷ ಜನ ಪ್ರೊಬೇಷನ್ ಮೇಲಿದ್ದಾರೆ. ಆಗಸ್ಟಸ್ ಎದ್ದು ನಿಂತ ಆ ಬೆಳಗಿನ ಕರುಣೆ ಅದರಲ್ಲಿ ಎಷ್ಟು ಉಳಿದಿದೆ ಎಂದು ಹೇಳುವುದು ಕಷ್ಟ. ನಿಗದಿತ ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು. ಕರೆದಾಗ ಮೂತ್ರ ಪರೀಕ್ಷೆಗೆ ಹೋಗಬೇಕು. ಅನುಮತಿ ಇಲ್ಲದೆ ರಾಜ್ಯದ ಗಡಿ ದಾಟುವಂತಿಲ್ಲ. ಬಹಳ ಕಡೆ ಕಣ್ಗಾವಲಿನ ಶುಲ್ಕವನ್ನೂ ತಾನೇ ತಿಂಗಳು ತಿಂಗಳು ಕಟ್ಟಬೇಕು. ಒಂದು ಭೇಟಿ ತಪ್ಪಿದರೂ ನಿಯಮ ಮುರಿದಂತೆ. ಆಗ ನಡೆಯುವ ವಿಚಾರಣೆಗೆ ಜ್ಯೂರಿ ಇಲ್ಲ, ಸಂಶಯಾತೀತವಾಗಿ ಸಾಬೀತಾಗಬೇಕು ಎಂಬ ನಿಯಮವೂ ಇಲ್ಲ. ತಡೆಹಿಡಿದಿದ್ದ ಆ ಒಂದು ವರ್ಷವನ್ನು ನ್ಯಾಯಾಧೀಶರು ಅಂದೇ ಜಾರಿಗೆ ತರಬಹುದು.

ಅಮೆರಿಕದ ಪ್ರಜೆಯೊಬ್ಬನಿಗೆ ಇಷ್ಟನ್ನೂ ಹೇಳಿ, ಆದರೂ ಒಪ್ಪಿಕೊಳ್ಳುವುದೇ ವಾಸಿ ಎಂದು ನಾನು ಎಷ್ಟೋ ಸಲ ಸಲಹೆ ಕೊಟ್ಟಿದ್ದೇನೆ. ಒಳ್ಳೆಯ ಒಪ್ಪಂದ ಒಳ್ಳೆಯ ಒಪ್ಪಂದವೇ. ನಿಮ್ಮ ಹುಡುಗ ಪ್ರಜೆಯಲ್ಲ, ವಿದ್ಯಾರ್ಥಿ ವೀಸಾದ ಮೇಲಿರುವವನು. ನಾನು ಆರಂಭದಲ್ಲಿ ಬೇಡ ಎಂದದ್ದು ಇದಕ್ಕೆ.

ರಾಜ್ಯದ ನ್ಯಾಯಾಲಯ ‘ತಡೆಹಿಡಿದ ಶಿಕ್ಷೆ’ ಎಂದು ಕರೆಯುವುದನ್ನು ವಲಸೆ ಕಾನೂನು ಪೂರ್ತಿ ಶಿಕ್ಷೆ ಎಂದೇ ಎಣಿಸುತ್ತದೆ. ಒಂದು ದಿನವೂ ಒಳಗೆ ಕಳೆಯದಿದ್ದರೂ ಕಾಗದದ ಮೇಲೆ ಒಂದು ವರ್ಷ ಎಂದಿದ್ದರೆ ಒಂದು ವರ್ಷ. ಕಳ್ಳತನಕ್ಕೆ ಒಂದು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಅದು ವಲಸೆ ಕಾನೂನಿನ ಅತಿ ಗಂಭೀರ ಅಪರಾಧಗಳ ಪಟ್ಟಿಗೆ ಸೇರಬಹುದು. ಸೇರುತ್ತದೆಯೋ ಇಲ್ಲವೋ ಎಂಬುದು ಆ ರಾಜ್ಯದ ಕಲಮಿನ ಪದಗಳ ಮೇಲೆ ನಿಂತಿದೆ. ಸೇರಿದರೆ ಗಡಿಪಾರಿನಿಂದ ತಪ್ಪಿಸಿಕೊಳ್ಳುವ ದಾರಿಗಳು ಬಹುಪಾಲು ಮುಚ್ಚುತ್ತವೆ. 365 ದಿನದ ಜಾಗದಲ್ಲಿ 364 ದಿನ ಎಂದು ಬರೆಸಿದರೆ ಆ ಪಟ್ಟಿಯಿಂದ ಹೊರಗೆ. ಒಂದೇ ಒಂದು ದಿನದ ವ್ಯತ್ಯಾಸ. ಪ್ರಾಸಿಕ್ಯೂಟರಿಗೆ ಆ ದಿನದಿಂದ ನಷ್ಟವೇನೂ ಇಲ್ಲ, ವಕೀಲರು ಕೇಳಿದರೆ ಎಷ್ಟೋ ಸಲ ಒಪ್ಪುತ್ತಾರೆ. ಕೇಳಬೇಕು ಎಂದು ತಿಳಿದಿರಬೇಕು, ಅಷ್ಟೇ.

ಅಷ್ಟಕ್ಕೇ ನೆಮ್ಮದಿಪಡುವಂತಿಲ್ಲ. ಕಳ್ಳತನವನ್ನು ವಲಸೆ ಕಾನೂನು ಸಾಮಾನ್ಯವಾಗಿ ನೈತಿಕ ಅಧಃಪತನದ ಅಪರಾಧ ಎಂದು ನೋಡುತ್ತದೆ. ದೇಶ ಪ್ರವೇಶಿಸಿದ ಐದು ವರ್ಷದೊಳಗೆ ಅಂಥ ಅಪರಾಧ ಎಸಗಿ ದೋಷಿಯಾದರೆ, ಆ ಅಪರಾಧಕ್ಕೆ ಒಂದು ವರ್ಷ ಅಥವಾ ಹೆಚ್ಚು ಶಿಕ್ಷೆ ವಿಧಿಸುವುದು ಸಾಧ್ಯವಿದ್ದರೆ, ಗಡಿಪಾರು ಮಾಡಬಹುದು. ಇಲ್ಲಿ ಕೊಟ್ಟ ಶಿಕ್ಷೆಯ ಲೆಕ್ಕವಲ್ಲ, ಕೊಡಬಹುದಾಗಿದ್ದ ಗರಿಷ್ಠ ಶಿಕ್ಷೆಯ ಲೆಕ್ಕ. ನಿಮ್ಮ ಹುಡುಗ ಹೋಗಿ ಎರಡು ವರ್ಷವೂ ಆಗಿಲ್ಲ. ಈ ತೊಡಕನ್ನು ಕಂಡೇ ಕ್ಯಾಲಿಫೋರ್ನಿಯಾ 2015ರಿಂದ, ನ್ಯೂಯಾರ್ಕ್ 2019ರಿಂದ ಮಿಸ್‌ಡಿಮೀನರ್‌ನ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿವೆ. ‘ತಪ್ಪೊಪ್ಪುವುದಿಲ್ಲ, ವಾದವನ್ನೂ ಮಾಡುವುದಿಲ್ಲ’ ಎಂಬ ಇನ್ನೊಂದು ಬಗೆಯ ಹೇಳಿಕೆಯೂ ಉಂಟು. ವಲಸೆ ಕಾನೂನಿಗೆ ಅದೂ ತಪ್ಪೊಪ್ಪಿಗೆಯೇ. ಪ್ರೊಬೇಷನ್ ಮುಗಿಸಿದರೆ ದಾಖಲೆ ಅಳಿಸುತ್ತಾರೆ ಎಂದು ಯಾರಾದರೂ ಹೇಳಿದರೆ, ವಲಸೆ ಅಧಿಕಾರಿಗಳ ಪಾಲಿಗೆ ಅದು ಸಾಮಾನ್ಯವಾಗಿ ಅಳಿಯುವುದಿಲ್ಲ ಎಂದು ತಿಳಿಯಿರಿ.

ಕೆಂಟಕಿಯಲ್ಲೇ ನಡೆದ ಇನ್ನೊಂದು ಪ್ರಕರಣದಲ್ಲಿ, ಹೊಂಡುರಾಸ್‌ನಲ್ಲಿ ಹುಟ್ಟಿ ನಲವತ್ತು ವರ್ಷ ಅಮೆರಿಕದಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದ, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ್ದ ಹೊಸೆ ಪಡಿಯಾ ಲಾರಿಯಲ್ಲಿ ಗಾಂಜಾ ಸಾಗಿಸಿದ ಆರೋಪ ಒಪ್ಪಿಕೊಂಡರು. ‘ಇಷ್ಟು ವರ್ಷ ಇಲ್ಲಿದ್ದೀರಿ, ವಲಸೆಯ ಚಿಂತೆ ಬೇಡ’ ಎಂದಿದ್ದರು ಅವರ ವಕೀಲರು. ಒಪ್ಪಿಕೊಂಡ ಮೇಲೆ ಗಡಿಪಾರು ಬಹುತೇಕ ಖಚಿತವಾಯಿತು. 2010ರಲ್ಲಿ ಸುಪ್ರೀಂ ಕೋರ್ಟ್, ತಪ್ಪೊಪ್ಪಿಗೆಯಿಂದ ಗಡಿಪಾರಿನ ಅಪಾಯವಿದೆಯೇ ಎಂದು ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದು ತೀರ್ಪು ಕೊಟ್ಟಿತು. ಆದ್ದರಿಂದ ಇದು ಹುಡುಗ ಬೇಡಿಕೊಳ್ಳುವ ಉಪಕಾರವಲ್ಲ, ಅವನ ಹಕ್ಕು. ‘ಈ ಒಪ್ಪಂದದಿಂದ ನನ್ನ ವೀಸಾಕ್ಕೆ ಏನಾಗುತ್ತದೆ? ದಯವಿಟ್ಟು ಬರಹದಲ್ಲಿ ತಿಳಿಸಿ’ ಎಂದು ತನ್ನ ವಕೀಲರನ್ನು ನೇರವಾಗಿ ಕೇಳಲಿ.

ಜೊತೆಗೆ ಡೈವರ್ಷನ್ ಎಂಬ ದಾರಿ ಆ ಕೌಂಟಿಯಲ್ಲಿದೆಯೇ ಎಂದು ವಿಚಾರಿಸಲಿ. ಮೊದಲ ಸಲ ಸಿಕ್ಕಿಬಿದ್ದವರಿಗೆ ತಪ್ಪೊಪ್ಪಿಗೆ ಪಡೆಯದೆಯೇ ಕೆಲವು ಷರತ್ತು ಹಾಕಿ, ಅವು ಪೂರೈಸಿದ ಮೇಲೆ ಆರೋಪವನ್ನೇ ಕೈಬಿಡುವ ಏರ್ಪಾಡು ಅದು. ತಪ್ಪನ್ನೂ ಒಪ್ಪಿಕೊಳ್ಳದೆ, ಸಂಗತಿಗಳನ್ನೂ ಒಪ್ಪಿಕೊಳ್ಳದೆ ಮುಗಿದರೆ ವಲಸೆ ಕಾನೂನಿನಲ್ಲಿ ಅದು ಶಿಕ್ಷೆಯಲ್ಲ. ಮೊದಲು ತಪ್ಪೊಪ್ಪಿಸಿಕೊಂಡು ಆಮೇಲೆ ಕೈಬಿಡುವ ಬಗೆಯೂ ಇದೆ, ಅದು ಅಪಾಯ. ಎರಡಕ್ಕೂ ಕೆಲವು ಕಡೆ ಒಂದೇ ಹೆಸರಿರುತ್ತದೆ.

ಭಾರತೀಯ ದೂತಾವಾಸದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ ಬಂಧಿತನಾದ ವಿದೇಶೀಯನಿಗೆ ತನ್ನ ದೇಶದ ದೂತಾವಾಸಕ್ಕೆ ಸುದ್ದಿ ಮುಟ್ಟಿಸುವಂತೆ ಕೇಳುವ ಹಕ್ಕಿದೆ. ಕೆಲವು ದೇಶದವರ ವಿಷಯದಲ್ಲಿ ಪೊಲೀಸರು ತಾವಾಗಿಯೇ ತಿಳಿಸಬೇಕು, ಭಾರತ ಆ ಪಟ್ಟಿಯಲ್ಲಿಲ್ಲ. ಅವನೇ ಕೇಳಬೇಕು. ದೂತಾವಾಸ ಪ್ರಕರಣ ನಡೆಸುವುದಿಲ್ಲ, ಆದರೆ ಅವನನ್ನು ಸಂಪರ್ಕಿಸಬಹುದು, ವಕೀಲರ ಪಟ್ಟಿ ಕೊಡಬಹುದು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಏನು, ಯಾವಾಗ ತಿಳಿಸಬೇಕು ಎಂಬುದನ್ನು ವಲಸೆ ವಕೀಲರನ್ನು ಕೇಳಿಯೇ ಮಾಡಿ.

ಇನ್ನು ಅಕ್ಕ. ಅವರು ಮಗನೊಂದಿಗೆ ಮಾತನಾಡುವ ಪ್ರತಿ ಕರೆಯನ್ನೂ ಜೈಲು ಧ್ವನಿಮುದ್ರಿಸಿಕೊಳ್ಳುತ್ತದೆ. ಕರೆಯ ಆರಂಭದಲ್ಲೇ ಧ್ವನಿಯೊಂದು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತದೆ, ಅಳುವಿನ ನಡುವೆ ಯಾರೂ ಕಿವಿಗೊಡುವುದಿಲ್ಲ. ಕನ್ನಡದಲ್ಲಿ ಮಾತನಾಡಿದರೆ ಅವರಿಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ನನ್ನ ಕಕ್ಷಿದಾರನೊಬ್ಬ ತಾಯಿಯ ಜೊತೆ ಆಡಿದ ನಾಲ್ಕು ಮಾತನ್ನು ಅನುವಾದ ಮಾಡಿಸಿ ಪ್ರಾಸಿಕ್ಯೂಟರ್ ನನ್ನ ಮುಂದೆ ಇಟ್ಟಿದ್ದರು. ‘ಯಾಕೆ ಹೀಗೆ ಮಾಡಿದೆಯೋ’ ಎಂದು ತಾಯಿ ಕೇಳಿದ್ದರು. ‘ತಪ್ಪಾಯಿತಮ್ಮ’ ಎಂದಿದ್ದ ಮಗ. ಅವನು ಹೇಳಿದ್ದು ತಾಯಿಯನ್ನು ಅಳಿಸಿದ್ದಕ್ಕೆ. ಕಾಗದದ ಮೇಲೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತಿತ್ತು.

ಇಂದು ರಾತ್ರಿ ಅವನ ಕರೆ ಬಂದಾಗ ಅಕ್ಕ ಅಂಗಡಿಯ ಮಾತು ಎತ್ತುವುದು ಬೇಡ. ಊಟ ಮಾಡಿದೆಯಾ, ರಾತ್ರಿ ಚಳಿಯಾಗುತ್ತದೆಯಾ, ಹೊದಿಕೆ ಕೊಟ್ಟಿದ್ದಾರಾ ಎಂದು ಕೇಳಲಿ. ಮಾವ ವಕೀಲರ ಜೊತೆ ಮಾತನಾಡುತ್ತಿದ್ದಾರೆ, ಅವರು ಹೇಳುವ ತನಕ ಸಹಿ ಹಾಕಬೇಡ ಎಂದು ಹೇಳಲಿ. ಮುಂದಿನ ದಿನಾಂಕ ಯಾವುದು ಎಂದು ಕೇಳಿ ಬರೆದುಕೊಳ್ಳಲಿ.